ಐವತ್ತೇಳು ಕೆಜಿಯ ನನ್ನ ಗಂಡ

ಕಾಲೇಜಿನ ಮೊದಲ ಮಹಡಿಯಲ್ಲಿ, ಗ್ರಂಥಾಲಯಕ್ಕೆ ಹೋಗುವ ದಾರಿಯ ಗೋಡೆಯ ಮೇಲೆ ನನ್ನ ಗಂಡನ ನಾಲ್ಕು ಫೋಟೊಗಳಿವೆ. ಅಂತರ ಕಾಲೇಜು ಕುಸ್ತಿ, ಐವತ್ತೇಳು ಕೆಜಿ ವಿಭಾಗ, ನಾಲ್ಕು ವರ್ಷ, ನಾಲ್ಕು ಚಿನ್ನ. ನೋಡಿದವರು ಪದಕ ನೋಡುತ್ತಾರೆ. ನಾನು ಕೆನ್ನೆ ನೋಡುತ್ತೇನೆ. ಮೊದಲನೆಯ ಫೋಟೊದಲ್ಲಿ ಕೆನ್ನೆಯ ಮೇಲೆ ಇಷ್ಟಾದರೂ ಮಾಂಸವಿದೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಚರ್ಮದ ಹಿಂದೆ ಹಲ್ಲಿನ ಸಾಲು ಎಣಿಸಬಹುದು. ಆ ಗೋಡೆ ದಾಟುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮದುವೆಯಾದಾಗಿನಿಂದ ಬರುತ್ತಿದೆ. ಯಾರ ಮೇಲೆ ಬರಬೇಕಿತ್ತು ಅನ್ನುವುದು ಮಾತ್ರ ಗೊತ್ತಾಗಿದ್ದು ಹೋದ ವರ್ಷ.

ನಾನು ಅದೇ ಕಾಲೇಜಿನ ಹಾಸ್ಟೆಲಿನ ಅಡುಗೆಯವಳು. ಮುನ್ನೂರು ಜನ, ಮೂರು ಹೊತ್ತು. ಹತ್ತೊಂಬತ್ತನೇ ವಯಸ್ಸಿಗೆ ಚಿಕ್ಕಮ್ಮನ ಕೈಕೆಳಗೆ ಈರುಳ್ಳಿ ಹೆಚ್ಚಲು ಸೇರಿದವಳು, ಇವತ್ತು ಸೌಟು ನನ್ನದು, ಉಗ್ರಾಣದ ಬೀಗದ ಕೈಯೂ ನನ್ನದು. ಇವರನ್ನು ಮೊದಲು ನೋಡಿದ್ದು ಅಲ್ಲೇ. ಊಟದ ಹೊತ್ತಿಗೆ ಎಲ್ಲರೂ ತಟ್ಟೆ ಹಿಡಿದು ಬಂದರೆ ಇವರು ತಟ್ಟೆಯಿಲ್ಲದೆ ಬರುತ್ತಿದ್ದರು. ಬಡಿಸುವ ಕಿಟಕಿಯ ಪಕ್ಕ ನಿಂತು, ಕಣ್ಣು ಮುಚ್ಚಿ, ಅನ್ನದ ಹಬೆಯನ್ನು ಮೂಗಿನ ತುಂಬ ಎಳೆದುಕೊಂಡು ಹೊರಟುಹೋಗುತ್ತಿದ್ದರು.

ಚಿಕ್ಕಮ್ಮ ಮೊಣಕೈಯಲ್ಲಿ ತಿವಿದಳು. “ನಿನ್ನನ್ನ ನೋಡೋಕೆ ಬರ್ತಾನೆ ಕಣೇ.”

“ಇಲ್ಲ ಚಿಕ್ಕಮ್ಮ, ಪಾತ್ರೆ ನೋಡೋಕೆ ಬರ್ತಾನೆ” ಎಂದೆ.

ನಾನು ಹೇಳಿದ್ದೇ ನಿಜವಾಗಿತ್ತು. ಎರಡು ತಿಂಗಳ ನಂತರ, ಪಂದ್ಯಗಳೆಲ್ಲ ಮುಗಿದ ಮೇಲೆ, ತಟ್ಟೆ ಹಿಡಿದು ಬಂದರು. ನಾಲ್ಕು ಜನರ ಊಟ ಒಬ್ಬರೇ ಉಂಡರು. ಆಮೇಲೆ ತಲೆ ಎತ್ತಿ, ಬಡಿಸಿದವಳು ಯಾರು ಎಂದು ನೋಡಿದರು. ಹೊಟ್ಟೆ ತುಂಬಿದ ಮೇಲೇ ಇವರಿಗೆ ಕಣ್ಣು ಕಾಣಿಸಿದ್ದು.

ಇವರ ಸಹಜ ತೂಕ ಅರವತ್ತನಾಲ್ಕು ಕೆಜಿ. ಅರವತ್ತೈದರ ವಿಭಾಗದಲ್ಲಿ ಹೊಟ್ಟೆ ತುಂಬ ಉಂಡು ಕುಸ್ತಿ ಆಡಬಹುದಿತ್ತು. ಆದರೆ ಒಂದು ತೂಕಕ್ಕೆ ಕಾಲೇಜಿನಿಂದ ಒಬ್ಬರೇ. ಅರವತ್ತೈದರಲ್ಲಿ ಆಗಲೇ ಒಬ್ಬನಿದ್ದ. ಐವತ್ತೇಳರಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲದ ತೂಕದಲ್ಲಿ ಕಾಲೇಜಿಗೆ ಅಂಕ ಬರುವುದಿಲ್ಲ, ಅಂಕ ಬರದಿದ್ದರೆ ತಂಡದ ಕಪ್ ಬರುವುದಿಲ್ಲ. ಕುಸ್ತಿ ಕಲಿಸುವ ಮಾಸ್ಟರ್ ಇವರ ಮುಂಗೈ, ತೋಳು, ಸೊಂಟ ಎಲ್ಲ ಒತ್ತಿ ನೋಡಿದರು, ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವ ಹಾಗೆ. “ಇವನು ಐವತ್ತೇಳಕ್ಕೆ ಇಳೀತಾನೆ” ಎಂದರು. ಹದಿನೆಂಟು ವರ್ಷದ ಹುಡುಗನಿಗೆ ಅಷ್ಟು ದೊಡ್ಡವರು ಮೈ ಮುಟ್ಟಿ ಹೇಳಿದರೆ ಅದೇ ವೇದವಾಕ್ಯ. ಅಂದಿನಿಂದ ಇವರ ಹೆಸರೂ ಅದೇ ಆಯಿತು. ಈಗ ಎಪ್ಪತ್ತೆರಡು ಕೆಜಿ ಇದ್ದಾರೆ. ಈಗಲೂ ಮಾಸ್ಟರ್ ಕರೆಯುವುದು “ಏ ಐವತ್ತೇಳು” ಎಂದೇ.

ಏಳು ಕೆಜಿ ಎಂದರೆ ಏನು ಅಂತ ನನ್ನನ್ನು ಕೇಳಿ. ನನ್ನ ಅಡುಗೆಮನೆಯಲ್ಲಿ ಏಳು ಕೆಜಿ ಅಕ್ಕಿಯಲ್ಲಿ ಎಪ್ಪತ್ತು ಜನ ಉಣ್ಣುತ್ತಾರೆ. ಅಷ್ಟನ್ನು ಪ್ರತಿ ವರ್ಷ ಎರಡು ತಿಂಗಳು ಇವರು ಮೈಯಿಂದ ಕಿತ್ತು ಹಾಕಬೇಕಿತ್ತು. ಪ್ಲಾಸ್ಟಿಕ್ ಕೋಟು ತೊಟ್ಟು ಮಧ್ಯಾಹ್ನದ ಬಿಸಿಲಲ್ಲಿ ಓಡುವುದು. ಹಾಸ್ಟೆಲಿನ ನಾಲ್ಕು ಮಹಡಿ ಮೆಟ್ಟಿಲು ಹತ್ತಿ ಇಳಿದು ಹತ್ತಿ ಇಳಿಯುವುದು. ಕೊನೆಯ ಎರಡು ದಿನ ನೀರೂ ಇಲ್ಲ, ಬಾಯಲ್ಲಿ ಚೂರು ಜೊಲ್ಲು ಬಂದರೆ ಅದನ್ನೂ ನುಂಗದೆ ಉಗುಳುವುದು. ತೂಕ ನೋಡುವ ಹಿಂದಿನ ದಿನ ತಲೆ ಬೋಳಿಸಿಕೊಳ್ಳುವುದು, ಉಗುರು ಕತ್ತರಿಸುವುದು. ಹಸಿವನ್ನು ಹೇಗಾದರೂ ತಡೆಯಬಹುದಂತೆ, ಬಾಯಾರಿಕೆಯನ್ನು ತಡೆಯುವುದಕ್ಕಾಗುವುದಿಲ್ಲವಂತೆ. ಇದನ್ನೆಲ್ಲ ಇವರು ಹೆಮ್ಮೆಯಿಂದ ಹೇಳುವಾಗ ನನ್ನ ಮೈ ಉರಿಯುತ್ತದೆ.

ಇನ್ನೊಂದು ವಿಷಯವನ್ನೂ ಹೆಮ್ಮೆಯಿಂದಲೇ ಹೇಳುತ್ತಿದ್ದರು. ಕಾಲೇಜಿನ ತಕ್ಕಡಿಯಲ್ಲಿ ಹಿಂದಿನ ದಿನ ಸರಿಯಾಗಿ ಐವತ್ತೇಳು ಇದ್ದವರು, ಮರುದಿನ ಪಂದ್ಯದ ಊರಿನ ತಕ್ಕಡಿ ಹತ್ತಿದರೆ ಐವತ್ತಾರೇ ಇರುತ್ತಿದ್ದರಂತೆ. ಇವರೊಬ್ಬರೇ ಅಲ್ಲ, ತಂಡದವರೆಲ್ಲರೂ ಅಷ್ಟೇ. ಮಾಸ್ಟರ್ ಅದಕ್ಕೆ ಕಾರಣ ಹೇಳಿದ್ದರು: “ಪ್ರಯಾಣದಲ್ಲಿ ಮೈ ಒಂದು ಕೆಜಿ ಇಳಿಯುತ್ತೆ.” ಎಲ್ಲರೂ ನಂಬಿದ್ದರು. ಕುಸ್ತಿಯವರಿಗೆ ಮೈ ಇಳಿಯುತ್ತದೆ ಎಂದರೆ ಏನನ್ನಾದರೂ ನಂಬುತ್ತಾರೆ. ಸಾಮಾನ್ಯ ಜನ ಆಗಿದ್ದರೆ, ಬಸ್ಸಿನಲ್ಲಿ ಕೂತು ನಿದ್ದೆ ಮಾಡಿದರೆ ಕೆಜಿ ಹೇಗೆ ಇಳಿಯುತ್ತದೆ ಎಂದು ಕೇಳುತ್ತಿದ್ದರು.

ಕಾಲೇಜು ಮುಗಿದ ವರ್ಷ ದೇಶದ ತಂಡಕ್ಕೆ ಆಯ್ಕೆ ನಡೆಯಿತು. ಆಗಲೂ ಇವರು ಕಾಲೇಜಿನ ತಕ್ಕಡಿಯಲ್ಲೇ ಐವತ್ತೇಳಕ್ಕೆ ಇಳಿದು ಹೋದರು. ಗೆದ್ದಿದ್ದರೆ ಹೊರದೇಶದ ಪಂದ್ಯ, ಆಮೇಲೆ ರೈಲ್ವೆಯಲ್ಲೋ ಪೊಲೀಸಿನಲ್ಲೋ ಕೆಲಸ. ಕೊನೆಯ ಕುಸ್ತಿಯಲ್ಲಿ ಇವರು ಏಳು ಅಂಕ, ಎದುರಾಳಿ ಮೂರು. ನಲವತ್ತು ಸೆಕೆಂಡು ಉಳಿದಿತ್ತು. ಸುಮ್ಮನೆ ಅವನನ್ನು ಅಪ್ಪಿಕೊಂಡು ನಿಂತಿದ್ದರೂ ಸಾಕಾಗಿತ್ತು. ಅಪ್ಪಿಕೊಳ್ಳಲು ಹೋದ ಕೈ ಮುಚ್ಚಲೇ ಇಲ್ಲವಂತೆ. ಬೆರಳುಗಳು ಸೆಟೆದು ನಿಂತವು, ಮೈಯಲ್ಲಿ ನೀರಿದ್ದರೆ ತಾನೆ? ಅವನು ತಿರುಗಿಸಿ ಬೆನ್ನು ನೆಲಕ್ಕೆ ಹಚ್ಚಿ ಚಿತ್ ಮಾಡಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಹೇಳುತ್ತಾರಲ್ಲ, ಇವರ ವಿಷಯದಲ್ಲಿ ಅದು ಗಾದೆ ಅಲ್ಲ, ವರದಿ.

ಆಮೇಲೆ ಮಾಸ್ಟರೇ ದಯೆ ತೋರಿ ಕಾಲೇಜಿನ ಜಿಮ್ಮಿನಲ್ಲಿ ಸಹಾಯಕನ ಕೆಲಸ ಕೊಡಿಸಿದರು. ಮ್ಯಾಟನ್ನು ಔಷಧಿ ನೀರಲ್ಲಿ ಒರೆಸುವುದು, ಬೆವರಿನ ಬಟ್ಟೆ ಒಗೆಯಲು ಹಾಕುವುದು, ತೂಕದ ಯಂತ್ರ ನೋಡಿಕೊಳ್ಳುವುದು, ಯಾರ ತೂಕ ಎಷ್ಟು ಎಂದು ನೋಟ್‌ಬುಕ್ಕಿನಲ್ಲಿ ಬರೆಯುವುದು. ನಾಲ್ಕು ಸಲದ ಚಾಂಪಿಯನ್ ತನ್ನ ಫೋಟೊದ ಗಾಜನ್ನು ತಾನೇ ಒರೆಸುವ ಕೆಲಸ. ಮೂವತ್ತು ದಾಟುವಷ್ಟರಲ್ಲಿ ಮೂರು ಸಲ ಮೂತ್ರಪಿಂಡದ ಕಲ್ಲಿಗೆ ಆಸ್ಪತ್ರೆ ಸೇರಿದರು. ಡಾಕ್ಟರು, “ಚಿಕ್ಕ ವಯಸ್ಸಲ್ಲಿ ನೀರು ಕುಡೀತಿರಲಿಲ್ವಾ?” ಎಂದು ಕೇಳಿದಾಗ ಇವರು ನಕ್ಕರು. ನನಗೆ ನಗು ಬರಲಿಲ್ಲ.

“ಮಾಸ್ಟರ್ ಇಲ್ಲದಿದ್ರೆ ನಾನೇನಾಗಿರ್ತಿದ್ದೆ ಹೇಳು” ಎನ್ನುತ್ತಿದ್ದರು.

“ಅರವತ್ತನಾಲ್ಕು ಕೆಜಿ ಇರ್ತಿದ್ರಿ” ಎನ್ನುತ್ತಿದ್ದೆ ನಾನು.

ನಮಗೆ ಒಬ್ಬಳೇ ಮಗಳು. ಅವಳು ನಡೆಯಲು ಕಲಿತದ್ದೇ ಮ್ಯಾಟಿನ ಮೇಲೆ, ಬಿದ್ದರೆ ನೋವಾಗುವುದಿಲ್ಲ ಎಂದು ಅವರಪ್ಪ ಅಲ್ಲೇ ಬಿಟ್ಟಿರುತ್ತಿದ್ದರು. ಹನ್ನೆರಡಕ್ಕೆ ಕುಸ್ತಿ ಶುರು ಮಾಡಿದಳು. ನಾನು ಬೇಡ ಎನ್ನಲಿಲ್ಲ, ನಿಜ ಹೇಳುತ್ತೇನೆ. ಅವಳು ಎದುರಾಳಿಯ ಕಾಲಿಗೆ ನುಗ್ಗುವುದನ್ನು ನೋಡಿದರೆ ನನ್ನ ಸಿಟ್ಟಿಗೂ ಕೊನೆಗೆ ಒಂದು ಕೆಲಸ ಸಿಕ್ಕಿತು ಎನಿಸುತ್ತಿತ್ತು. ಮುಂಗೋಪ ನನ್ನದೇ, ಹಟ ಅವರಪ್ಪನದು. ಇಪ್ಪತ್ತಕ್ಕೆ ಅದೇ ಕಾಲೇಜಿನ ತಂಡದಲ್ಲಿದ್ದಳು. ಉಂಡು ತಿಂದು ಆರಾಮಾಗಿದ್ದರೆ ಐವತ್ತನಾಲ್ಕು ಕೆಜಿ ಇರುವ ಹುಡುಗಿ.

ಮಾಸ್ಟರ್ ಅವಳ ಮುಂಗೈ ಒತ್ತಿ ನೋಡಿದರು. “ಐವತ್ತಕ್ಕೆ ಇಳೀತಾಳೆ” ಎಂದರು. ಆ ವರ್ಷ ಅವರ ನಿವೃತ್ತಿ, ಹೋಗುವ ಮುಂಚೆ ತಂಡದ ಕಪ್ ಬೇಕಿತ್ತು.

ನಾನು ಮನೆಯಲ್ಲಿ ಪಾತ್ರೆ ಎತ್ತಿ ಕುಕ್ಕಿದೆ. ಗೋಡೆಗೆ ಹೇಳಿದ ಹಾಗಾಯಿತು. ಅಪ್ಪ ಮಗಳು ಇಬ್ಬರೂ ಒಂದೇ ಪಕ್ಷ. “ಎರಡು ತಿಂಗಳು ತಾನೆ ಅಮ್ಮ” ಎಂದಳು ಮಗಳು. “ನಾನು ನೋಡ್ಕೋತೀನಿ ಬಿಡೇ, ನಂಗೆ ಗೊತ್ತಿಲ್ವಾ ಇದೆಲ್ಲ” ಎಂದರು ಇವರು. ಮುನ್ನೂರು ಜನರಿಗೆ ಬಡಿಸಿ ಮನೆಗೆ ಬಂದರೆ ನನ್ನ ಮಗಳು ಅರ್ಧ ಸೇಬು ತಿಂದು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು.

ಪಂದ್ಯಕ್ಕೆ ಎರಡು ದಿನ ಇತ್ತು. ಮಧ್ಯಾಹ್ನ ನಾನು ಉಗ್ರಾಣದಲ್ಲಿ ಬಂದ ಸಾಮಾನು ತೂಗಿಸಿಕೊಳ್ಳುತ್ತಿದ್ದೆ. ಅಲ್ಲಿ ಮೂಟೆ ತೂಗುವ ದೊಡ್ಡ ತಕ್ಕಡಿ ಇದೆ, ನೆಲಕ್ಕೆ ಹತ್ತಿದ ಹಲಗೆ, ಮೇಲೆ ಗಡಿಯಾರದಂಥ ಮುಖ, ಮುಳ್ಳು. ಪ್ರತಿ ವರ್ಷ ತೂಕ ಅಳತೆ ಇಲಾಖೆಯವರು ಬಂದು ಪರೀಕ್ಷಿಸಿ ಮುದ್ರೆ ಹಾಕಿ ಹೋಗುತ್ತಾರೆ. ಮಗಳು ಒಳಗೆ ಬಂದಳು. ಉಗ್ರಾಣ ತಂಪಾಗಿರುತ್ತದೆ ಎಂದು ಬಂದಿದ್ದಳು. ತುಟಿ ಬಿರಿದು ಬಿಳಿಚಿತ್ತು, ಮಾತಾಡಲು ನಾಲಿಗೆ ಏಳುತ್ತಿರಲಿಲ್ಲ. ಎದುರಿಗೆ ಸಿಕ್ಕ ಆ ಹಲಗೆಯ ಮೇಲೆಯೇ ಮೊಣಕಾಲು ಅಪ್ಪಿಕೊಂಡು ಕುಳಿತು ಕಣ್ಣು ಮುಚ್ಚಿದಳು.

ಅವಳ ಹಿಂದೆ ಮುಳ್ಳು ಅಲ್ಲಾಡಿ ನಿಂತಿತು. ನೋಡಬೇಕೆಂದು ನೋಡಲಿಲ್ಲ, ಇಪ್ಪತ್ತೈದು ವರ್ಷದ ಅಭ್ಯಾಸ, ಕಣ್ಣು ತಾನಾಗಿ ಹೋಗುತ್ತದೆ. ಐವತ್ತರ ಗೆರೆಗಿಂತ ಕೆಳಗಿತ್ತು. ಬಟ್ಟೆ, ಚಪ್ಪಲಿ ಸೇರಿಸಿಯೂ ಐವತ್ತಿಲ್ಲ.

“ಬೆಳಿಗ್ಗೆ ಜಿಮ್ಮಲ್ಲಿ ಎಷ್ಟಿತ್ತೇ ನಿನ್ನ ತೂಕ?” ಎಂದೆ.

“ಐವತ್ತು ಇನ್ನೂರು.” ಕಣ್ಣು ಬಿಡಲಿಲ್ಲ. “ಎರಡು ದಿನದಿಂದ ಅಲ್ಲೇ ಇದೆ. ಇನ್ನೂರು ಗ್ರಾಂ ಇಳೀತಾನೇ ಇಲ್ಲ.”

“ನೋಡು, ಇಲ್ಲಿ ಐವತ್ತೂ ತೋರಿಸ್ತಿಲ್ಲ.”

“ಅಮ್ಮ, ಅದು ಈರುಳ್ಳಿ ಮೂಟೆ ತೂಗೋ ತಕ್ಕಡಿ.” ಅಷ್ಟು ಹೇಳಿ ಎದ್ದು, ಗೋಡೆ ಹಿಡಿದುಕೊಂಡು ಹೊರಟುಹೋದಳು, ಪ್ಲಾಸ್ಟಿಕ್ ಕೋಟು ತೊಟ್ಟು ಇನ್ನೊಂದು ಸುತ್ತು ಓಡಲು.

ಸಂಜೆ ಇವರಿಗೆ ಹೇಳಿದೆ. ಇವರು ಮಡಚುತ್ತಿದ್ದ ಟವೆಲನ್ನು ಬಿಚ್ಚಿ ಮತ್ತೆ ಮಡಚಿದರು. “ಅಡುಗೆಮನೆ ತಕ್ಕಡಿ ಅಡುಗೆಗೆ. ಜಿಮ್ಮಿಂದು ಎಲೆಕ್ಟ್ರಾನಿಕ್” ಎಂದರು. ನನ್ನ ಮುಖ ನೋಡಲಿಲ್ಲ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ಸಾಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆದರೂ ಆಗ ನನ್ನ ಅನುಮಾನ ಇವರ ಮೇಲೆ ಇರಲಿಲ್ಲ, ಮಾಸ್ಟರ್ ಮೇಲಿತ್ತು. ಇವರಿಗೆ ಏನೋ ಗೊತ್ತಿದೆ, ಗುರುವಿನ ಮಾನ ಕಾಯುತ್ತಿದ್ದಾರೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ತಿಂಡಿ ಬಡಿಸುವ ಕೆಲಸ ಸಹಾಯಕಿಗೆ ಒಪ್ಪಿಸಿ, ಇಪ್ಪತ್ತೈದು ಕೆಜಿಯ ಎರಡು ಅಕ್ಕಿ ಮೂಟೆಯನ್ನು ನನ್ನ ತಕ್ಕಡಿಯಲ್ಲಿ ತೂಗಿದೆ. ಸರಿಯಾಗಿ ಐವತ್ತು. ಅವನ್ನು ತಳ್ಳುಗಾಡಿಗೆ ಹಾಕಿಕೊಂಡು ಜಿಮ್ಮಿಗೆ ಹೋದೆ. ಹತ್ತು ಹುಡುಗ ಹುಡುಗಿಯರು ಯಂತ್ರದ ಮುಂದೆ ಸಾಲಾಗಿ ನಿಂತಿದ್ದರು, ಎಲ್ಲರ ಕಣ್ಣೂ ಗುಳಿಬಿದ್ದಿದ್ದವು. ಮಾಸ್ಟರ್ ಕುರ್ಚಿಯಲ್ಲಿ ಕುಳಿತಿದ್ದರು. ಇವರು ನೋಟ್‌ಬುಕ್ ಹಿಡಿದು ಯಂತ್ರದ ಪಕ್ಕ ನಿಂತಿದ್ದರು. ನನ್ನ ಗಾಡಿ ನೋಡಿ ಇವರ ಕೈಯ ಪೆನ್ನು ನಿಂತಿತು.

“ಏನಮ್ಮ, ಅಕ್ಕಿ ಯಾವ ವಿಭಾಗದಲ್ಲಿ ಆಡುತ್ತೆ?” ಎಂದರು ಮಾಸ್ಟರ್. ಹುಡುಗರು ನಕ್ಕರು. ನಗಲೂ ಶಕ್ತಿ ಇಲ್ಲದ ನಗು.

“ಐವತ್ತರಲ್ಲಿ ಮಾಸ್ಟರ್. ಇಳಿದಿದ್ಯಾ ನೋಡೋಣ” ಎಂದು ಎರಡೂ ಮೂಟೆ ಎತ್ತಿ ಯಂತ್ರದ ಮೇಲೆ ಇಟ್ಟೆ.

ಕೆಂಪು ಅಂಕಿ ಓಡಿ ನಿಂತಿತು. ಐವತ್ತೊಂದು.

ಮಾಸ್ಟರ್ ಅಲುಗಾಡಲಿಲ್ಲ. “ಅಂಗಡಿಯವನು ಒಂದು ಕೆಜಿ ಜಾಸ್ತಿ ಹಾಕಿರ್ತಾನೆ.”

“ಕಡಿಮೆ ಹಾಕೋ ಅಂಗಡಿಯವ್ರು ಎಷ್ಟೋ ಜನ ಗೊತ್ತು ನಂಗೆ. ಜಾಸ್ತಿ ಹಾಕಿದವನನ್ನ ಇವತ್ತಿನವರೆಗೂ ನೋಡಿಲ್ಲ.”

ಸಾಲಿನಲ್ಲಿದ್ದ ಒಬ್ಬ ಹುಡುಗ, ಎಲ್ಲರಿಗಿಂತ ದಪ್ಪಗಿದ್ದವನು, ಮಾತಿಲ್ಲದೆ ಹೋಗಿ ಭಾರ ಎತ್ತುವ ಕಬ್ಬಿಣದ ಬಿಲ್ಲೆಗಳನ್ನು ತಂದ. ಇಪ್ಪತ್ತರದು ಎರಡು, ಹತ್ತರದು ಒಂದು. ನನ್ನ ಮೂಟೆ ಇಳಿಸಿ ಅವನ್ನು ಇಟ್ಟ. ಐವತ್ತೊಂದು. ಯಾರೂ ನಗಲಿಲ್ಲ.

ನನ್ನ ಮಗಳು ಬೆಂಚಿನ ಮೇಲೆ ಕುಳಿತಿದ್ದಳು. ಎದ್ದು ಬಂದು ಆ ಕೆಂಪು ಅಂಕಿಯನ್ನೇ ನೋಡಿದಳು.

ಮಾಸ್ಟರ್ ಎದ್ದು ನಿಂತರು. ಸಿಕ್ಕಿಬಿದ್ದವರ ಮುಖ ಇರಲಿಲ್ಲ ಅವರದು. ಪಾಠ ಹೇಳುವವರ ಮುಖ ಇತ್ತು. “ಹೌದು, ಒಂದು ಕೆಜಿ ಜಾಸ್ತಿ ತೋರಿಸುತ್ತೆ. ಮೂವತ್ತು ವರ್ಷದಿಂದ. ಆಗ ಹಳೇ ತಕ್ಕಡಿ ಇತ್ತು, ಅದರ ತೂಕದ ಬಟ್ಟನ್ನ ನಾನೇ ಅರ ಹಾಕಿ ಉಜ್ಜಿ ಹಗುರ ಮಾಡಿದ್ದೆ. ಈ ಮೂವತ್ತು ವರ್ಷದಲ್ಲಿ ನಮ್ಮ ಕಾಲೇಜಿನ ಒಬ್ಬರಾದ್ರೂ ತೂಕ ಜಾಸ್ತಿಯಾಗಿ ವಾಪಸ್ ಬಂದಿದ್ದಾರಾ? ಬೇರೆ ಕಾಲೇಜಿನವರು ಅಳ್ತಾ ಹೋಗೋದನ್ನ ನೀವೇ ನೋಡಿದ್ದೀರಿ. ನಿಮಗೆ ಹೇಳಿದ್ರೆ ಒಂದು ಕೆಜಿ ಕಳೆದು ಲೆಕ್ಕ ಹಾಕ್ಕೋತೀರಿ, ಅದಕ್ಕೇ ಹೇಳಲ್ಲ. ಏ ಐವತ್ತೇಳು, ಹೇಳು ಇವರಿಗೆ. ನಾಲ್ಕು ಸಲ ಹೇಗೆ ಗೆದ್ದೆ?”

 ನನಗೆ ಆ ನಲವತ್ತು ಸೆಕೆಂಡು ನೆನಪಾಯಿತು, ಮುಚ್ಚದ ಬೆರಳು ನೆನಪಾಯಿತು. ಒಂದು ಕೆಜಿ ಎಂದರೆ ಒಂದು ಲೀಟರ್ ನೀರು. ಆ ಒಂದು ಲೀಟರ್ ಅವತ್ತು ಇವರ ಮೈಯಲ್ಲಿ ಇದ್ದಿದ್ದರೆ! ಪಿತ್ತ ನೆತ್ತಿಗೇರಿತು. ಮಾಸ್ಟರ್ ಕಡೆ ಕೈ ಎತ್ತಿಯೂ ಬಿಟ್ಟೆನೇನೋ. ಅಷ್ಟರಲ್ಲಿ ಮಗಳು ಕೇಳಿದಳು.

“ಇದು ಎಲೆಕ್ಟ್ರಾನಿಕ್. ಇದಕ್ಕೆ ಅರ ಹಾಕೋಕಾಗಲ್ಲ. ಇದನ್ನ ಯಾರು ತಿರುಗಿಸಿದ್ದು?”

ಮಾಸ್ಟರ್ ಸುಮ್ಮನೆ ಇವರ ಕಡೆ ನೋಡಿದರು.

“ನಾನೇ” ಎಂದರು ನನ್ನ ಗಂಡ.

ನನ್ನ ಎತ್ತಿದ ಕೈ ಹಾಗೇ ಇಳಿಯಿತು. ಹೇಗೆ ಮಾಡುವುದು ಎನ್ನುವುದನ್ನೂ ಹೇಳಿದರು, ಯಾರೂ ಕೇಳಿರಲಿಲ್ಲ. ಹದಿನಾರು ವರ್ಷದ ಹಿಂದೆ ಈ ಯಂತ್ರ ಬಂದಾಗ ಮಾಸ್ಟರ್ ಇವರನ್ನು ಕೋಣೆಗೆ ಕರೆದು, ಹಳೇ ತಕ್ಕಡಿಯ ಗುಟ್ಟು ಹೇಳಿ, “ಇನ್ನು ಮೇಲೆ ಇದು ನಿನ್ನ ಜವಾಬ್ದಾರಿ” ಎಂದರಂತೆ. ಅಂದಿನಿಂದ ಪ್ರತಿ ವರ್ಷ ಪಂದ್ಯದ ಕಾಲಕ್ಕೆ ಮುಂಚೆ, ಒಬ್ಬರೇ ಇದ್ದಾಗ, ಯಂತ್ರದ ಮೇಲೆ ನಲವತ್ತೊಂಬತ್ತು ಕೆಜಿ ಬಿಲ್ಲೆ ಇಟ್ಟು, ಅದಕ್ಕೆ ಐವತ್ತು ಎಂದು ಕಲಿಸುತ್ತಿದ್ದರು. ಯಂತ್ರಕ್ಕೇನು ಗೊತ್ತು, ಹೇಳಿಕೊಟ್ಟದ್ದನ್ನು ಕಲಿಯುತ್ತದೆ. ಇವರೂ ಹಾಗೆಯೇ ಕಲಿತವರು.

“ಈ ವರ್ಷಾನೂ?” ಎಂದಳು ಮಗಳು.

“ಈ ವರ್ಷಾನೂ.”

“ನನ್ನ ನಿಜವಾದ ತೂಕ ಎಷ್ಟಪ್ಪ?”

ನೋಟ್‌ಬುಕ್ ನೋಡುವ ಅಗತ್ಯ ಇವರಿಗೆ ಇರಲಿಲ್ಲ. “ನಲವತ್ತೊಂಬತ್ತು ಇನ್ನೂರು.”

“ಯಾವಾಗಿಂದ?”

“ಮೂರು ದಿನದಿಂದ.”

ಅವಳು ಅವರಪ್ಪನನ್ನು ನೋಡಿದಳು. ಅಳಲಿಲ್ಲ, ಅಳಲು ಕಣ್ಣಲ್ಲೂ ನೀರಿರಬೇಕಲ್ಲ. “ಮೂರು ದಿನದಿಂದ ನಾನು ಬಾಟಲಿಗೆ ಉಗುಳ್ತಾ ಇದ್ದೆ. ದಿನಾ ಸಂಜೆ ನೀನು ಆ ಬಾಟಲಿ ತೊಳೆದಿಡ್ತಾ ಇದ್ದೆ” ಎಂದಳು. ಅಷ್ಟೇ. ಕೂಗಲಿಲ್ಲ. ಆಮೇಲೆ ಬೇಸಿನ್ನಿನ ನಲ್ಲಿ ತಿರುಗಿಸಿ, ಬೊಗಸೆಯೊಡ್ಡಿ, ನಿಧಾನವಾಗಿ ನೀರು ಕುಡಿದಳು. ಉಳಿದ ಹತ್ತು ಮಂದಿಯೂ ಒಬ್ಬರ ಹಿಂದೆ ಒಬ್ಬರು ನಲ್ಲಿಯ ಹತ್ತಿರ ಹೋದರು. ಮಾಸ್ಟರ್ “ನಿಲ್ಲಿ, ನಿಲ್ಲಿ, ನಾಳೆ ತೂಕ ಇದೆ” ಎನ್ನುತ್ತಲೇ ಇದ್ದರು.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರು ಪೂರ್ತಿ ಕೇಳಿದರು, ಕನ್ನಡಕ ತೆಗೆದು ಒರೆಸಿದರು.

“ಇದರಿಂದ ಯಾರಾದ್ರೂ ಪಂದ್ಯದಿಂದ ಅನರ್ಹ ಆಗಿದ್ದಾರಾ?”

“ಇಲ್ಲ.”

“ಪದಕ ಬಂದಿದೆಯಲ್ವಾ?”

“ಬಂದಿದೆ. ಕಲ್ಲೂ ಬಂದಿದೆ, ನನ್ನ ಗಂಡನ ಮೂತ್ರಪಿಂಡದಲ್ಲಿ. ಅದನ್ನೂ ಒಂದು ಫೋಟೊ ತೆಗೆಸಿ ಹಾಕಿ.”

“ಇದು ತಾಂತ್ರಿಕ ವಿಷಯಮ್ಮ, ಕ್ರೀಡಾ ಸಮಿತಿ ನೋಡುತ್ತೆ” ಎಂದರು. ಸಮಿತಿ ಇನ್ನೂ ನೋಡುತ್ತಲೇ ಇದೆ. ಮಾಸ್ಟರಿಗೆ ಅದೇ ತಿಂಗಳು ಬೀಳ್ಕೊಡುಗೆ ಆಯಿತು, ಭಾಷಣ ಆಯಿತು, ಅವರ ಶಿಸ್ತನ್ನು ಹೊಗಳಿದವರೇ ಹೊಗಳಿದರು. ಆ ಸಮಾರಂಭದ ಅಡುಗೆ ನಾನು ಮಾಡಲಿಲ್ಲ. ಹೊರಗಿನಿಂದ ತರಿಸಿಕೊಂಡರು.

ಜಿಮ್ಮಿನಲ್ಲಿ ಇದೆಲ್ಲ ಆದ ಮಧ್ಯಾಹ್ನ ಇವರು ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತರು. ನಾನು ಬೈದೆ. ನನಗೆ ಗೊತ್ತಿದ್ದ ಬೈಗುಳವೆಲ್ಲ ಖರ್ಚಾಯಿತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತಲ್ಲ, ಕಾಯಬೇಕಾದವರೇ ಹೀಗೆ ಮಾಡಿದರೆ ಹುಡುಗಿ ಯಾರನ್ನು ನಂಬಬೇಕು ಎಂದೆ. ಎಲ್ಲ ಮುಗಿದ ಮೇಲೆ ಇವರು ಬಾಯಿ ಬಿಟ್ಟರು.

“ಅದು ಸುಳ್ಳು ಅಂತ ನಾನು ಹೇಳ್ಬಿಟ್ರೆ, ನನ್ನ ನಾಲ್ಕು ವರ್ಷ ಏನಾಯ್ತೇ? ಸುಮ್ಮಸುಮ್ಮನೆ ಉಪವಾಸ ಬಿದ್ದಿದ್ದು ಅಂತ ಆಯ್ತಲ್ಲ. ಗುಟ್ಟು ಹೇಳಿದ ದಿನ ಮಾಸ್ಟರ್ ನನ್ನ ಹೆಗಲ ಮೇಲೆ ಕೈ ಹಾಕಿದ್ರು. ನೀನು ತಡ್ಕೊಂಡೆ ಅಂತಾನೇ ಚಾಂಪಿಯನ್ ಆದೆ ಅಂದ್ರು. ನಾನು ಅದನ್ನ ನಂಬಿದೆ. ಅವಳೂ ತಡ್ಕೊಳ್ಲಿ, ನನ್ನ ಹಾಗೆ ಆಗ್ಲಿ ಅಂದ್ಕೊಂಡೆ.”

“ನಿಮ್ಮ ಹಾಗೆ ಅಂದ್ರೆ? ಮ್ಯಾಟ್ ಒರೆಸ್ಕೊಂಡಾ?” ಎಂದೆ.

ಅಷ್ಟು ಕ್ರೂರವಾದ ಮಾತನ್ನು ನಾನು ಇವರಿಗೆ ಅದುವರೆಗೆ ಆಡಿರಲಿಲ್ಲ. ಆಡಿದ್ದಕ್ಕೆ ಇವತ್ತಿಗೂ ಪಶ್ಚಾತ್ತಾಪ ಇಲ್ಲ. ಇವರ ಮೇಲೆ ಕನಿಕರ ಇತ್ತು, ಇಲ್ಲವೆನ್ನುವುದಿಲ್ಲ. ಹದಿನೆಂಟು ವರ್ಷದ ಹುಡುಗನ ಮುಂಗೈ ಒತ್ತಿ ನೋಡಿದವನು ಇವರ ಇಡೀ ಬದುಕನ್ನೇ ಒತ್ತಿ ಹಿಡಿದಿದ್ದ. ಆದರೆ ಕನಿಕರ ಬೇರೆ, ಸಿಟ್ಟು ಬೇರೆ. ನನ್ನಲ್ಲಿ ಎರಡಕ್ಕೂ ಜಾಗ ಇದೆ.

ಮರುದಿನ ಬೆಳಿಗ್ಗೆ ತೂಕ ನೋಡುವ ದಿನ. ಪಂದ್ಯ ಆ ವರ್ಷ ನಮ್ಮ ಊರಿನಲ್ಲೇ ಇತ್ತು, ಎಂಟು ಗಂಟೆಗೆ ಅಲ್ಲಿರಬೇಕು. ಆರು ಗಂಟೆಗೆ ನಾನು ಉಗ್ರಾಣದ ಬೀಗ ತೆಗೆಯುವಷ್ಟರಲ್ಲಿ ಹನ್ನೊಂದು ಮಂದಿಯೂ ಬಾಗಿಲಲ್ಲಿ ನಿಂತಿದ್ದರು. ಜಿಮ್ಮಿಗೆ ಯಾರೂ ಹೋಗಿರಲಿಲ್ಲ. “ಅಕ್ಕ, ನಿಮ್ಮ ತಕ್ಕಡೀಲಿ ನೋಡ್ಕೋತೀವಿ” ಎಂದರು. ಈರುಳ್ಳಿ ಮೂಟೆ ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟೆ. ಚಪ್ಪಲಿ ಬಿಟ್ಟು ಒಬ್ಬೊಬ್ಬರೇ ಹಲಗೆ ಹತ್ತಿದರು. ಇಡೀ ಕಾಲೇಜಿನಲ್ಲಿ ಅವರು ನಂಬಿದ್ದು ಎಣ್ಣೆ ಜಿಡ್ಡು ಹತ್ತಿದ ಆ ಮುಳ್ಳನ್ನು.

ಆಗ ಇವರು ಬಂದರು. ರಾತ್ರಿ ನಿದ್ದೆ ಮಾಡದ ಮುಖ. ಮುಖ ಕ್ಷೌರ ಮಾಡಿಕೊಂಡು, ಒಗೆದ ಅಂಗಿ ತೊಟ್ಟು, ಕೈಯಲ್ಲಿ ನೋಟ್‌ಬುಕ್, ಜೇಬಿನಲ್ಲಿ ಪೆನ್ನು. ಹುಡುಗರು ಮಾತು ನಿಲ್ಲಿಸಿ ದಾರಿ ಬಿಟ್ಟರು. ಮಗಳ ಸರದಿ ಬಂದಿತ್ತು. ಅವಳು ಹಲಗೆಯ ಮೇಲೆ ಒಂದು ಕಾಲಿಟ್ಟಿದ್ದಳು. ಇವರು ಅವಳ ಹಿಂದೆ, ಮುಳ್ಳು ಕಾಣುವ ಜಾಗಕ್ಕೆ ಬಂದು ನಿಂತು, ನೋಟ್‌ಬುಕ್ ತೆರೆದರು.

“ನೋಡ್ಲಾ ಮಗಳೇ?” ಎಂದರು.

ಅವಳು ಇಟ್ಟ ಕಾಲನ್ನು ಹಿಂದಕ್ಕೆ ತೆಗೆದಳು.

“ಬೇಡಪ್ಪ. ಅಮ್ಮ ನೋಡ್ತಾಳೆ.”

ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು; ಸಿಟ್ಟು ಎಂದಾದರೂ ಇಳಿಯುತ್ತದೆ. ಇವರು ನೋಟ್‌ಬುಕ್ ಮುಚ್ಚಿ, ಕಂಕುಳಲ್ಲಿ ಇಟ್ಟುಕೊಂಡು, ಹುಡುಗರ ನಡುವೆ ದಾರಿ ಮಾಡಿಕೊಂಡು ಹೊರಗೆ ನಡೆದರು. ಇವರು ಹೋಗುವವರೆಗೂ ಅವಳು ತಕ್ಕಡಿ ಹತ್ತಲಿಲ್ಲ.